ಹಾಲಿಗೆ ದಿನಕ್ಕೆರಡು ಪರೀಕ್ಷೆ, ಹಿಂಡಿ ಚೀಲಕ್ಕೆ ಒಂದೂ ಬೇಡವೇ?



ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು, ಹಾಲು ಕರೆದು ನೀವು ಡೈರಿಗೆ ಹೋಗುತ್ತೀರಿ. ಸಾಲಿನಲ್ಲಿ ನಿಂತ ಮೇಲೆ ಏನಾಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಪಾತ್ರೆಯಿಂದ ಸ್ವಲ್ಪ ಹಾಲು ತೆಗೆದು ಯಂತ್ರಕ್ಕೆ ಇಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಚೀಟಿ ಬರುತ್ತದೆ. ಒಂದು ಪಾಯಿಂಟ್ ಇಳಿದರೆ ದುಡ್ಡೂ ಇಳಿಯುತ್ತದೆ. ಹಾಲು ಒಡೆದಿದ್ದರೆ ಪಾತ್ರೆ ಹಾಗೇ ಮನೆಗೆ ವಾಪಸ್. ಸಂಜೆ ಮತ್ತೆ ಇದೇ ಕಥೆ. ಲೆಕ್ಕ ಹಾಕಿ ನೋಡಿ, ವರ್ಷಕ್ಕೆ 730 ಸಲ ನಮ್ಮ ದುಡಿಮೆ ಪರೀಕ್ಷೆಗೆ ಕೂರುತ್ತದೆ.

ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ಪರೀಕ್ಷೆ ಇದೆ ಎಂದೇ ಪೇಟೆಯ ತಾಯಿ ನಮ್ಮ ಹಾಲಿನ ಪ್ಯಾಕೆಟ್ ಕತ್ತರಿಸಿ ಧೈರ್ಯವಾಗಿ ಮಗುವಿಗೆ ಕುಡಿಸುತ್ತಾಳೆ. ನನ್ನ ಪ್ರಶ್ನೆ ಬೇರೆ. ನಿಮ್ಮ ಹಸುವಿನ ಮುಂದೆ ಸುರಿದ ಕಳೆದ ಚೀಲ ಹಿಂಡಿಯನ್ನು ಯಾರು ಪರೀಕ್ಷೆ ಮಾಡಿದ್ದರು? ಜೋಳದ ನುಚ್ಚನ್ನು? ಅಂಗಡಿಯವನು ಸಾಲಕ್ಕೆ ಕೊಟ್ಟ ಆ ಬೂಸಾವನ್ನು?

ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಹೊಳೆಯುವ ಹಾಗೆ ಮಾಡಿದ್ದು ನಮ್ಮ ಮನೆಯ ನಾಯಿ ಕರಿಯ.

ಎರಡು ವರ್ಷದ ಹಿಂದೆ ಮುಸುಕಿನ ಜೋಳ ಕಟಾವಿನ ಹೊತ್ತಿಗೆ ಜಡಿಮಳೆ ಹಿಡಿಯಿತು. ಕಣದಲ್ಲಿದ್ದ ಕಾಳು ನೆನೆದು, ಮೊಳಕೆ ಬಂದು, ಯಾರ ಮನೆಯಲ್ಲೂ ಒಳ್ಳೆಯ ಜೋಳ ಇರಲಿಲ್ಲ. ಆಗ ಒಬ್ಬ ವ್ಯಾಪಾರಿ ಊರಿಗೆ ಗಾಡಿ ತಂದು ಅಗ್ಗದ ದರಕ್ಕೆ ನುಚ್ಚು ಮಾರಿದ. ಮುಗ್ಗಲು ವಾಸನೆ ಇತ್ತು. ಕೇಳಿದ್ದಕ್ಕೆ "ಸ್ವಲ್ಪ ಥಂಡಿ ಹಿಡಿದಿದೆ ಅಷ್ಟೇ ಅಕ್ಕಾ, ದನಕ್ಕೆ ತಾನೇ" ಎಂದ. ದನಕ್ಕೆ ತಾನೇ ಎಂದು ನಾನೂ ಅಂದುಕೊಂಡೆ. ನಾಲ್ಕು ಚೀಲ ಇಳಿಸಿಕೊಂಡು, ಅಂಗಳದಲ್ಲಿ ಒಣಗಿಸಿ, ದಿನಾ ಗಂಜಿ ಕಾಯಿಸಿ ಮೂರು ಹಸುಗಳಿಗೆ ಇಟ್ಟೆ. ಅದರಲ್ಲೇ ಎರಡು ಸೌಟು ಕರಿಯನ ತಟ್ಟೆಗೂ ಹೋಗುತ್ತಿತ್ತು.

ಮೂರು ವಾರ ಆಗಿರಬಹುದು. ಕರಿಯ ಊಟ ಬಿಟ್ಟ. ವಾಂತಿ ಮಾಡಿದ. ಕಣ್ಣಿನ ಬಿಳಿ ಭಾಗ ಅರಿಶಿನದ ಹಾಗೆ ಆಯಿತು. ಪಶುವೈದ್ಯರನ್ನು ಕರೆಸುವ ಹೊತ್ತಿಗೆ ಮೂಲೆಯಲ್ಲಿ ಮಲಗಿದವನು ತಲೆ ಎತ್ತಲಿಲ್ಲ. "ಏನು ತಿಂತಿತ್ತಮ್ಮ?" ಎಂದು ಡಾಕ್ಟರು ಕೇಳಿದರು. ಹೇಳಿದೆ. "ಆ ಚೀಲ ತೋರಿಸಿ" ಎಂದರು. ಕೊನೆಯ ಚೀಲ ಹಿಂದಿನ ದಿನವೇ ಮುಗಿದು, ಖಾಲಿ ಚೀಲವನ್ನು ನಾನು ಒಗೆದು ಹರವಿದ್ದೆ. "ಪರೀಕ್ಷೆ ಮಾಡದೆ ಇದರಿಂದಲೇ ಎಂದು ನಾನು ಹೇಳಬಾರದು. ಆದರೆ ನನಗೆ ಅನುಮಾನ ಬೂಷ್ಟು ಹಿಡಿದ ಜೋಳದ ಮೇಲೆ. ನಾಯಿಗೆ ಅದು ಬೇಗ ತಗಲುತ್ತದೆ. ಹಸು ತಡೆದುಕೊಂಡಿದೆ. ಆದರೆ ಅಮ್ಮಾ, ಹಸು ತಿಂದದ್ದು ಹಾಲಿಗೂ ಬರುತ್ತದೆ" ಎಂದರು.

ಒಳಗೆ ಹೋಗಿ ಡೈರಿಯ ಚೀಟಿಗಳನ್ನು ತೆಗೆದು ನೋಡಿದೆ. ಆ ಮೂರು ವಾರವೂ ಫ್ಯಾಟ್ ಚೆನ್ನಾಗಿತ್ತು, ಎಸ್‌ಎನ್‌ಎಫ್ ಚೆನ್ನಾಗಿತ್ತು. ಒಂದು ಹೊತ್ತೂ ನನ್ನ ಹಾಲು ವಾಪಸ್ ಬಂದಿರಲಿಲ್ಲ. ಅದೇ ಹಾಲನ್ನು ನನ್ನ ಎರಡು ವರ್ಷದ ಮೊಮ್ಮಗನೂ ಕುಡಿದಿದ್ದ.

ಅವತ್ತು ಡಾಕ್ಟರು ಜಗಲಿಯ ಮೇಲೆ ಕೂತು ಅಮೆರಿಕದ ಒಂದು ಮನೆತನದ ಕಥೆ ಹೇಳಿದರು. ಆಮೇಲೆ ನಾನೂ ಅದರ ಬಗ್ಗೆ ಕೇಳಿ ತಿಳಿದುಕೊಂಡೆ. ನಿಮಗೆ ಅದನ್ನು ಹೇಳಲೇಬೇಕು, ಯಾಕೆಂದರೆ ಅದು ನಾಯಿ ಆಹಾರದ ಕಥೆಯಾದರೂ ಶುರುವಾಗುವುದು ದನದ ಮೇವಿನ ಗಿರಣಿಯಿಂದ.

ಮಿಸೌರಿ ರಾಜ್ಯದಲ್ಲಿ ಮೀಟಾ ಎಂಬ ಊರಿದೆ. ಇರುವ ಜನ ಇನ್ನೂರರ ಆಸುಪಾಸು, ನಮ್ಮ ಕಡೆಯ ಒಂದು ಹಟ್ಟಿಯಷ್ಟು. 1970ರಲ್ಲಿ ಶೆಲ್ ಮತ್ತು ಕ್ಯಾಂಪೀಟರ್ ಎಂಬ ಇಬ್ಬರು ಭಾವ ಮೈದುನರು ಅಲ್ಲಿದ್ದ ಒಂದು ಸಣ್ಣ ಗಿರಣಿಯನ್ನು ಕೊಂಡರು. ಆ ಗಿರಣಿಯಲ್ಲಿ ಜಾನುವಾರು ಮೇವು ಮತ್ತು ನಾಯಿ ಆಹಾರ ಎರಡೂ ತಯಾರಾಗುತ್ತಿದ್ದವು. ಸುತ್ತಮುತ್ತಲಿನ ರೈತರೇ ಗಿರಾಕಿಗಳು. ಬರಬರುತ್ತಾ ನಾಯಿ ಬೆಕ್ಕುಗಳ ಆಹಾರವೇ ಮುಖ್ಯ ಕಸುಬಾಯಿತು. ಡೈಮಂಡ್ ಎಂಬ ಹೆಸರಿನಲ್ಲಿ ಅದು ಬೆಳೆದು, ಹಲವು ರಾಜ್ಯಗಳಲ್ಲಿ ಕಾರ್ಖಾನೆ ಕಟ್ಟಿತು. ಬೇರೆ ಕಂಪನಿಗಳ ಹೆಸರಿಗೂ ಆಹಾರ ತಯಾರಿಸಿಕೊಡುತ್ತದೆ. ಅರ್ಧ ಶತಮಾನ ಕಳೆದರೂ ವ್ಯಾಪಾರ ಆ ಮನೆತನಗಳ ಕೈಯಲ್ಲೇ ಇದೆ, ಷೇರು ಪೇಟೆಗೆ ಹೋಗಿಲ್ಲ.

ಇಂಥ ಮನೆತನದ ವ್ಯಾಪಾರವನ್ನು ಕಂಡರೆ ನಮಗೆ ಒಂದು ಗೌರವ ಇರುತ್ತದೆ. ಇರಬೇಕಾದ್ದೇ. ಅಪ್ಪನ ಹೆಸರು ಕೆಡಬಾರದು ಎಂಬ ಅಂಜಿಕೆ ಇರುವವನು ತೂಕದಲ್ಲಿ ಮೋಸ ಮಾಡುವುದು ಕಡಿಮೆ. ನಾವೂ ಹಾಗೇ ನಂಬಿ ಕೊಳ್ಳುತ್ತೇವೆ. "ಅವರ ತಾತನ ಕಾಲದಿಂದ ಅವರ ಅಂಗಡೀಲೇ ಹಿಂಡಿ ತರೋದು" ಎನ್ನುತ್ತೇವೆ.

ಆದರೆ 2005ರ ಡಿಸೆಂಬರಿನಲ್ಲಿ ಏನಾಯಿತು ಕೇಳಿ. ಈ ಕಂಪನಿಯ ದಕ್ಷಿಣ ಕ್ಯಾರೊಲಿನಾ ರಾಜ್ಯದ ಗ್ಯಾಸ್ಟನ್ ಕಾರ್ಖಾನೆಯಲ್ಲಿ ತಯಾರಾದ ಆಹಾರ ತಿಂದ ನಾಯಿಗಳು ಕಾಯಿಲೆ ಬಿದ್ದವು. ಊಟ ಬಿಟ್ಟವು, ವಾಂತಿ ಮಾಡಿದವು, ಕಣ್ಣು ಹಳದಿಯಾದವು, ಈಲಿ ಕೆಟ್ಟು ಸತ್ತವು. ಸತ್ತ ನಾಯಿಗಳ ಸಂಖ್ಯೆ ನೂರರಷ್ಟು. ಕಾರಣ ಹುಡುಕಿದಾಗ ಸಿಕ್ಕಿದ್ದು ಮೆಕ್ಕೆಜೋಳ. ಆ ಜೋಳದಲ್ಲಿ ಬೂಷ್ಟು ಬಿಟ್ಟುಹೋದ ವಿಷ ಇತ್ತು, ಅದರ ಹೆಸರು ಅಫ್ಲಾಟಾಕ್ಸಿನ್. ಕಂಪನಿ ಮಾಲನ್ನೆಲ್ಲ ವಾಪಸ್ ಕರೆಸಿತು.

ಕಾರ್ಖಾನೆಗೆ ಬರುವ ಜೋಳದ ಪ್ರತಿ ಲೋಡನ್ನೂ ಪರೀಕ್ಷಿಸಬೇಕು ಎಂಬ ನಿಯಮ ಅಲ್ಲಿ ಮೊದಲೇ ಇತ್ತು. ನಿಯಮ ಇದ್ದೂ ಕೆಲವು ಲೋಡುಗಳ ಪರೀಕ್ಷೆಗೆ ದಾಖಲೆಯೇ ಇರಲಿಲ್ಲ ಎಂದು ಸರ್ಕಾರದ ತನಿಖೆಯಲ್ಲಿ ಕಂಡಿತು. ಅಂದರೆ ಯಂತ್ರ ಇತ್ತು, ನಿಯಮ ಇತ್ತು, ಮೂವತ್ತೈದು ವರ್ಷದ ಒಳ್ಳೆಯ ಹೆಸರೂ ಇತ್ತು. ಇಲ್ಲದೆ ಹೋದದ್ದು ಕೆಲವು ದಿನಗಳ ಎಚ್ಚರ. 2012ರಲ್ಲಿ ಅದೇ ಕಾರ್ಖಾನೆಯ ಆಹಾರದಲ್ಲಿ ಸಾಲ್ಮೊನೆಲ್ಲಾ ರೋಗಾಣು ಕಂಡು ಮತ್ತೊಮ್ಮೆ ಮಾಲು ವಾಪಸ್ ಕರೆಸಬೇಕಾಯಿತು. ಆ ಸಲ ಮನುಷ್ಯರೂ ಕಾಯಿಲೆ ಬಿದ್ದರು.

ಆ ಮನೆತನವನ್ನು ಹಳಿಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅವರು ಇಂದಿಗೂ ವ್ಯಾಪಾರ ನಡೆಸುತ್ತಿದ್ದಾರೆ, ಲಕ್ಷಾಂತರ ಮನೆಗಳ ನಾಯಿಗಳು ಅವರ ಆಹಾರ ತಿನ್ನುತ್ತಿವೆ. ನಾನು ಹೇಳುವುದು ಇಷ್ಟೇ: ಹೆಸರು ಎಷ್ಟೇ ಹಳೆಯದಾದರೂ ಅದು ಪರೀಕ್ಷೆಯ ಜಾಗದಲ್ಲಿ ನಿಲ್ಲಲಾರದು. ಬೂಷ್ಟಿಗೆ ಮನೆತನ ಗೊತ್ತಿಲ್ಲ.

ನಮ್ಮ ದೇಶದಲ್ಲೂ ಇದು ನಡೆದಿದೆ, ಇನ್ನೂ ಭೀಕರವಾಗಿ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಭಾಗದ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಹಿಡಿಯಿತು. ಬೇರೆ ಧಾನ್ಯವಿಲ್ಲದ ಬಡ ಕುಟುಂಬಗಳು ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ರೊಟ್ಟಿ ಮಾಡಿ ತಿಂದಿದ್ದವು. ಕಾಯಿಲೆ ಬಿದ್ದವರು 397 ಜನ, ಸತ್ತವರು 106. ಅದೇ ರೊಟ್ಟಿಯ ಚೂರು ತಿಂದ ಮನೆಯ ನಾಯಿಗಳೂ ಅದೇ ಲಕ್ಷಣ ತೋರಿಸಿ ಸತ್ತಿದ್ದವು. ಮನುಷ್ಯರಿಗೂ ನಾಯಿಗೂ ಒಟ್ಟಿಗೇ ಬಂದ ಕಾಮಾಲೆ ಎಂಬುದೇ ವೈದ್ಯರಿಗೆ ಇದು ಸಾಮಾನ್ಯ ಸೋಂಕಲ್ಲ, ಊಟದಲ್ಲೇ ಏನೋ ಇದೆ ಎನ್ನುವುದಕ್ಕೆ ಒಂದು ಸುಳಿವಾಯಿತು.

ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಿಂಡಿಯಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯನ್ನು ಪರೀಕ್ಷಿಸಿದಾಗ ಮೊದಲ ಸಲ ಅಫ್ಲಾಟಾಕ್ಸಿನ್ ಸಿಕ್ಕಿತು. ಜೋಳ, ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ. ಇವೇ ತಾನೇ ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಇರುವ ಚೀಲಗಳು?

ಈಗ ಹಾಲಿನ ಮಾತಿಗೆ ಬರೋಣ. ಹಸು ತಿಂದ ಈ ವಿಷದಲ್ಲಿ ಒಂದು ಸಣ್ಣ ಪಾಲು, ನೂರಕ್ಕೆ ಒಂದರಿಂದ ಆರರವರೆಗೆ, ಬೇರೆ ರೂಪ ತಾಳಿ ಹಾಲಿಗೆ ಇಳಿಯುತ್ತದೆ. ಅದನ್ನು ಅಫ್ಲಾಟಾಕ್ಸಿನ್ ಎಂ1 ಎನ್ನುತ್ತಾರೆ. ತಿಂದ ಒಂದೇ ದಿನದಲ್ಲಿ ಹಾಲಿನಲ್ಲಿ ಕಾಣುತ್ತದೆ, ಆ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಕ್ಕೆ ಹೋಗುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ಪಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಬಣ್ಣ, ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ನಮ್ಮ ಡೈರಿಯ ಯಂತ್ರವೂ ಇದನ್ನು ಹಿಡಿಯುವುದಿಲ್ಲ, ಅದು ಇರುವುದು ಫ್ಯಾಟ್ ಅಳೆಯುವುದಕ್ಕೆ.

ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದು ಪರೀಕ್ಷಿಸಿತು. ಹಾಲಿಗೆ ಏನೇನೋ ಬೆರೆಸುತ್ತಾರೆ ಎಂದು ಊರೆಲ್ಲ ಮಾತಾಡುತ್ತದಲ್ಲ, ಪ್ರಾಣಕ್ಕೆ ಅಪಾಯವಾಗುವಂಥ ಕಲಬೆರಕೆ ಸಿಕ್ಕಿದ್ದು ಬರೀ 12 ಮಾದರಿಗಳಲ್ಲಿ. ಆದರೆ ಎಂ1 ವಿಷ ಮಿತಿ ಮೀರಿದ್ದು ನೂರಕ್ಕೆ 5.7ರಷ್ಟು ಮಾದರಿಗಳಲ್ಲಿ. ಇದನ್ನು ಯಾರೂ ಬೇಕೆಂದು ಹಾಲಿಗೆ ಸುರಿದಿರಲಿಲ್ಲ. ಮೇವು ಮತ್ತು ಹಿಂಡಿಯ ಮೂಲಕ ಬಂದಿತ್ತು. ನನ್ನಂಥವಳ ಕೊಟ್ಟಿಗೆಯಿಂದ, ಅಗ್ಗಕ್ಕೆ ಸಿಕ್ಕಿತೆಂದು ಇಳಿಸಿಕೊಂಡ ಚೀಲದಿಂದ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಮ್ಮ ಹಾಲನ್ನು ಪರೀಕ್ಷಿಸುವ ಹಕ್ಕು ಒಕ್ಕೂಟಕ್ಕೆ ಇರುವಂತೆ, ನಮ್ಮ ಹಸು ತಿನ್ನುವುದನ್ನು ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ನಮಗೆ ಇರಬೇಕು. ಬರುವ ವಾರ್ಷಿಕ ಸಭೆಯಲ್ಲಿ ಮೂರು ಮಾತು ಕೇಳೋಣ.

ಮೊದಲನೆಯದು, ಸಂಘಕ್ಕೆ ಬರುವ ಪಶು ಆಹಾರದ ಪ್ರತಿ ಲಾಟಿನ ಪರೀಕ್ಷಾ ಫಲಿತಾಂಶವನ್ನು ಡೈರಿಯ ಗೋಡೆಯ ಮೇಲೆ ಹಾಕಲಿ. ಹಾಲಿನ ದರ ಬರೆಯುವ ಹಲಗೆಯಲ್ಲೇ ಎರಡು ಸಾಲು ಸಾಕು. ಹಸುವಿನ ಮಿಶ್ರ ಆಹಾರಕ್ಕೆ ಐಎಸ್ 2052 ಎಂಬ ಮಾನದಂಡ ಇದೆ. ಅದರ ಪ್ರಕಾರ ಈ ವಿಷ ಒಂದು ಕಿಲೋ ಆಹಾರದಲ್ಲಿ 20 ಮೈಕ್ರೋಗ್ರಾಂ ಮೀರಬಾರದು. ಅಂದರೆ ಐವತ್ತು ಕಿಲೋದ ಇಪ್ಪತ್ತು ಚೀಲ ಸೇರಿಸಿದರೂ 20 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಇಷ್ಟು ಸಣ್ಣದನ್ನು ಕಣ್ಣಿನಿಂದ, ಮೂಗಿನಿಂದ ಹಿಡಿಯಿರಿ ಎಂದು ನಮಗೆ ಹೇಳಿದರೆ ಆಗುವ ಮಾತಲ್ಲ.

ಎರಡನೆಯದು, ಸದಸ್ಯೆಯರು ಹೊರಗಿನಿಂದ ತಂದ ಜೋಳ, ಹಿಂಡಿಯ ಮಾದರಿಯನ್ನು ಒಕ್ಕೂಟದ ಮೂಲಕ ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಬೇಕು. ಎಲ್ಲರ ಎಲ್ಲ ಚೀಲವೂ ಆಗಬೇಕೆಂದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ, ಹೊಸ ಜೋಳ ಬರುವ ತಿಂಗಳುಗಳಲ್ಲಿ, ಊರಿಗೆ ನಾಲ್ಕು ಮಾದರಿ ಹೋದರೂ ಯಾವ ವ್ಯಾಪಾರಿಯ ಮಾಲು ಹೇಗಿದೆ ಎಂದು ಗೊತ್ತಾಗುತ್ತದೆ. ಪರೀಕ್ಷೆ ಆಗುತ್ತದೆ ಎಂದು ಗೊತ್ತಾದ ದಿನವೇ "ದನಕ್ಕೆ ತಾನೇ" ಎನ್ನುವ ಬಾಯಿ ಅರ್ಧ ಮುಚ್ಚುತ್ತದೆ.

ಮೂರನೆಯದು ಕಷ್ಟದ್ದು. ಯಾರಾದರೂ ಸದಸ್ಯೆ ತಾನಾಗಿ ಬಂದು "ನನ್ನ ಮೇವು ಕೆಟ್ಟಿತ್ತು, ನಾಲ್ಕು ದಿನ ಹಾಲು ಹಾಕುವುದಿಲ್ಲ" ಎಂದರೆ ಅವಳನ್ನು ಶಿಕ್ಷಿಸಬಾರದು. ಹತ್ತು ಲೀಟರ್ ಹಾಕುವವಳಿಗೆ ನಾಲ್ಕು ದಿನ ಎಂದರೆ ನಲವತ್ತು ಲೀಟರ್. ಲೀಟರಿಗೆ ₹35 ಎಂದುಕೊಂಡರೂ ₹1,400. ಬಟವಾಡೆಯ ದುಡ್ಡಿನಲ್ಲೇ ಮಹಿಳಾ ಸಂಘದ ಕಂತು, ಮಕ್ಕಳ ಬಸ್ ಪಾಸು, ಹಿಂಡಿ ಸಾಲ ತೀರಿಸುವ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ. ನಿಜ ಹೇಳಿದವಳಿಗೆ ನಷ್ಟ, ಸುಮ್ಮನಿದ್ದವಳಿಗೆ ಲಾಭ ಎಂದಾದರೆ ನಾವೆಲ್ಲ ಸುಮ್ಮನಿರುವುದನ್ನೇ ಕಲಿಯುತ್ತೇವೆ. ಸಂಘದ ಲಾಭದಲ್ಲಿ ಒಂದು ಸಣ್ಣ ನಿಧಿ ತೆಗೆದಿಟ್ಟು ಅರ್ಧ ನಷ್ಟವನ್ನಾದರೂ ತುಂಬಿಕೊಡಲಿ.

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತು. "ಪರೀಕ್ಷೆಗೆ ಖರ್ಚು ಬೀಳುತ್ತದೆ" ಎನ್ನುತ್ತಾರೆ. ನಿಜ, ಬೀಳುತ್ತದೆ. ಆದರೆ ನಮ್ಮ ಹಾಲಿನ ಹೆಸರು ಒಂದು ಸಲ ಕೆಟ್ಟರೆ ಎಷ್ಟು ಖರ್ಚು ಬೀಳುತ್ತದೆ ಎಂಬ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಬೇಕು. ನಾಯಿ ಆಹಾರದ ಕಂಪನಿ ಮಾಲನ್ನು ವಾಪಸ್ ಕರೆಸಬಹುದು. ನಿನ್ನೆ ಸಂಜೆ ಮಗು ಕುಡಿದ ಹಾಲನ್ನು ಯಾರು ವಾಪಸ್ ಕರೆಸುತ್ತಾರೆ?

ನಮ್ಮೊಳಗೇ ಇನ್ನೊಂದು ಮಾತಿದೆ. "ಇದನ್ನೆಲ್ಲ ಯಾಕೆ ಎತ್ತಬೇಕು, ಆಮೇಲೆ ನಮ್ಮ ಹಾಲನ್ನೇ ಬೇಡ ಎಂದರೆ?" ಎಂದು ನನ್ನ ಓರಗಿತ್ತಿಯೇ ಕೇಳಿದಳು. ಭಯ ನ್ಯಾಯವಾದದ್ದೇ. ಆದರೆ ನಾವು ಮುಚ್ಚಿಟ್ಟರೆ ಬೇರೆಯವರು ತೆಗೆದು ತೋರಿಸುತ್ತಾರೆ, ಆಗ ನಮ್ಮ ಮಾತನ್ನು ಯಾರೂ ಕೇಳುವುದಿಲ್ಲ. ಸಹಕಾರ ಸಂಘ ಎಂದರೆ ನಮ್ಮದೂ ಒಂದು ಮನೆತನವೇ. ಮೀಟಾದ ಗಿರಣಿಯಲ್ಲಿ ಇಬ್ಬರು ಮಾಲೀಕರಿದ್ದರು, ಇಲ್ಲಿ ಪಾಸ್‌ಬುಕ್ ಇರುವ ಪ್ರತಿಯೊಬ್ಬಳೂ ಮಾಲೀಕಳು. ಹೆಸರು ಉಳಿಸುವುದೂ ನಮ್ಮ ಕೈಯಲ್ಲೇ ಇದೆ, ಕೆಡಿಸುವುದೂ ನಮ್ಮ ಕೈಯಲ್ಲೇ ಇದೆ.

ಒಕ್ಕೂಟ ಮಾಡುವವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ನಾನು ಈಗ ಮನೆಯಲ್ಲಿ ಪಾಲಿಸುವುದನ್ನು ಹೇಳುತ್ತೇನೆ, ನಿಮಗೆ ಸರಿ ಕಂಡದ್ದನ್ನು ಇಟ್ಟುಕೊಳ್ಳಿ.

ಚೀಲವನ್ನು ನೆಲದ ಮೇಲೆ ಇಡುವುದಿಲ್ಲ. ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಮೊಳ ದೂರ ಇಡುತ್ತೇನೆ. ಸೂರು ಸೋರುವ ಕಡೆ ಇಡುವುದಿಲ್ಲ. ಒದ್ದೆ ಕೈಯನ್ನು ಚೀಲದೊಳಗೆ ಹಾಕುವುದಿಲ್ಲ, ಒಣ ಚಿಪ್ಪು ಇದೆ. ಜೋಳವನ್ನು ಹಲ್ಲಿಗೆ ಕಚ್ಚಿದರೆ ಕಟ್ ಎನ್ನಬೇಕು, ಮೆತ್ತಗಿದ್ದರೆ ಮತ್ತೆ ಬಿಸಿಲಿಗೆ. ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ ತರುವುದನ್ನು ಬಿಟ್ಟಿದ್ದೇನೆ, ಮಳೆಗಾಲದಲ್ಲಂತೂ ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಹಸಿರು, ಹಳದಿ ಪುಡಿ ಕಂಡರೆ, ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಇದ್ದರೆ ಆ ಚೀಲ ಹಸುವಿಗೂ ಇಲ್ಲ, ಕರುವಿಗೂ ಇಲ್ಲ, ಕೋಳಿಗೂ ಇಲ್ಲ, ನಾಯಿಗೂ ಇಲ್ಲ. ಒಳ್ಳೆಯದರ ಜೊತೆ ಬೆರೆಸಿ ಖಾಲಿ ಮಾಡುವ ಬುದ್ಧಿ ಬೇಡ, ಬೆರೆಸಿದರೆ ಒಳ್ಳೆಯದೂ ಕೆಡುತ್ತದೆ. ನಾನು ಮಾಡಿದ ಹಾಗೆ ಒಣಗಿಸಿ, ಗಂಜಿ ಕಾಯಿಸಿದರೆ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಹಾಗೇ ಉಳಿಯುತ್ತದೆ. ಇನ್ನೊಂದು ನೆನಪಿರಲಿ. ಬೂಷ್ಟು ಕಾಣುತ್ತಿಲ್ಲ ಎಂದ ಮಾತ್ರಕ್ಕೆ ವಿಷ ಇಲ್ಲ ಎಂದಲ್ಲ. ಅದಕ್ಕೇ ಪರೀಕ್ಷೆ ಬೇಕು ಎನ್ನುವುದು.

ಚೀಲಕ್ಕೆ ಹೊಲಿದಿರುವ ಚೀಟಿಯನ್ನು ಬಿಸಾಡಬೇಡಿ. ತಯಾರಿಸಿದವರು ಯಾರು, ಲಾಟ್ ನಂಬರ್ ಎಷ್ಟು, ಯಾವ ದಿನ ತಯಾರಾಯಿತು ಎಂಬುದು ಅದರಲ್ಲಿರುತ್ತದೆ. ಚೀಲ ಮುಗಿದು ಎರಡು ವಾರ ಕಳೆಯುವವರೆಗೆ ಚೀಟಿಯ ಜೊತೆಗೆ ಒಂದು ಬೊಗಸೆ ಮಾಲನ್ನೂ ಬಟ್ಟೆಯ ಗಂಟಿನಲ್ಲಿ ಕಟ್ಟಿ ಒಣ ಜಾಗದಲ್ಲಿ ತೂಗುಹಾಕಿ. ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ಸೇರಿಸಿದ ಬೊಗಸೆಯಾಗಿರಲಿ. ಏನಾದರೂ ಆದರೆ ಡಾಕ್ಟರ ಕೈಗೆ ಕೊಡಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ. ನನ್ನ ಹತ್ತಿರ ಒಗೆದ ಚೀಲ ಬಿಟ್ಟರೆ ಏನೂ ಇರಲಿಲ್ಲ.

ಮನೆಯ ನಾಯಿ ಊಟ ಬಿಟ್ಟರೆ, ಕರು ಸಣ್ಣಗಾದರೆ, ಹಸು ಹಿಂಡಿ ಮೂಸಿ ಹಿಂದೆ ಸರಿದರೆ ಅದನ್ನು ಹಟ ಎಂದುಕೊಳ್ಳಬೇಡಿ. ಮೊದಲು ಚೀಲದೊಳಗೆ ಕೈ ಹಾಕಿ ನೋಡಿ, ಆಮೇಲೆ ಪಶುವೈದ್ಯರಿಗೆ ಫೋನ್ ಮಾಡಿ.

ಕರಿಯನನ್ನು ಹಿತ್ತಲ ನುಗ್ಗೆಮರದ ಕೆಳಗೆ ಮಣ್ಣು ಮಾಡಿದೆವು. ಅವನು ಸತ್ತದ್ದು ಆ ಜೋಳದಿಂದಲೋ ಬೇರೆಯದರಿಂದಲೋ, ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಕೊಡಲು ನಾನು ಒಂದು ಹಿಡಿಯನ್ನೂ ಉಳಿಸಿರಲಿಲ್ಲ. ಆ ಮೂರು ವಾರ ನನ್ನ ಕೈಯಿಂದ ಕ್ಯಾನಿಗೆ ಹೋದ ಹಾಲಿನಲ್ಲಿ ಏನಿತ್ತು ಎಂಬುದೂ ನನಗೆ ಗೊತ್ತಾಗುವುದಿಲ್ಲ. ಈ ಗೊತ್ತಿಲ್ಲದಿರುವಿಕೆ ನಿಮ್ಮ ಮನೆಗೆ ಬರಬಾರದು.

ವಾರ್ಷಿಕ ಸಭೆಯ ನೋಟಿಸು ಬಂದಾಗ ತಿಂಡಿ ಪೊಟ್ಟಣ ತೆಗೆದುಕೊಂಡು ಸಹಿ ಹಾಕಿ ಎದ್ದು ಬರಬೇಡಿ. ಕೈ ಎತ್ತಿ ಒಂದೇ ಒಂದು ಪ್ರಶ್ನೆ ಕೇಳಿ: "ನನ್ನ ಹಾಲಿನ ಚೀಟಿ ದಿನಾ ಕೊಡುತ್ತೀರಿ, ನನ್ನ ಹಸುವಿನ ಹಿಂಡಿಯ ಚೀಟಿ ಎಲ್ಲಿ?"

ನಿಮ್ಮ ಪಕ್ಕದಲ್ಲಿ ಕೂತವಳೂ ಆಗ ಕೈ ಎತ್ತುತ್ತಾಳೆ.